ಬಸದಿಗೆ ಮೊದಲು ಒಂದು ಗುಳಿಗೆ

ನನ್ನ ಕುತ್ತಿಗೆಯ ಸುದ್ದಿ ಬಂದಾಗ ನಾನು ನೀರು ಸೋಸುತ್ತಿದ್ದೆ.

ನಮ್ಮದು ನಿಪ್ಪಾಣಿ ತಾಲ್ಲೂಕಿನ ಭೋಜ. ಮನೆಯ ಹಿತ್ತಲಲ್ಲಿ ಬಾವಿ ಇದೆ. ಜೈನರ ಮನೆಯಲ್ಲಿ ಸೋಸದ ನೀರು ಒಲೆಗೂ ಹೋಗುವುದಿಲ್ಲ, ಬಾಯಿಗೂ ಹೋಗುವುದಿಲ್ಲ. ಹಂಡೆಯ ಬಾಯಿಗೆ ಬಿಳಿ ಅರಿವೆ ಎರಡು ಮಡಿಕೆ ಮಾಡಿ ಕಟ್ಟಿ, ಕೊಡದಿಂದ ಸಣ್ಣ ಧಾರೆ ಬಿಡಬೇಕು. ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಮತ್ತೆ ಅದೇ ಬಾವಿಗೆ ಮೆಲ್ಲಗೆ ಇಳಿಸಬೇಕು. ಅವಸರದ ಕೆಲಸವಲ್ಲ ಅದು. ಅದರ ನಡುವೆ ಫೋನು ಹೊಡೆದುಕೊಂಡಿತು.

"ಸುನೀತಾ ಅವರೇನ್ರಿ? ನಿಪ್ಪಾಣಿ ಲ್ಯಾಬಿಂದ ಮಾತಾಡಾಕತ್ತೀನ್ರಿ. ನಿಮ್ಮ ಥೈರಾಯ್ಡ್ ರಿಪೋರ್ಟ್ ಬಂದೈತಿ. ಡಾಕ್ಟರ್ ಬಾಯಿ ಇವತ್ತ ಬರಾಕ ಹೇಳ್ಯಾರ."

"ಭಾಳ ಐತೇನ್ರಿ?"

"ಇರಬೇಕಾದ್ದಕ್ಕಿಂತ ಭಾಳ ಐತ್ರಿ. ನೀವು ಬರ್ರಿ, ಅವರ ಹೇಳ್ತಾರ."

ಮದುವೆಯಾಗಿ ಆಗ ಆರು ವರ್ಷ. ಎರಡು ಸಲ ದಿನ ನಿಂತಿತ್ತು, ಎರಡು ಸಲವೂ ಮೂರನೇ ತಿಂಗಳು ದಾಟಲಿಲ್ಲ. ಆಮೇಲೆ ಮೂರು ವರ್ಷ ಏನೂ ಇಲ್ಲ. ನಾನು ದವಾಖಾನೆಗೆ ಹೋದದ್ದು ಹೊಟ್ಟೆಯ ಚಿಂತೆಗೆ, ಸುದ್ದಿ ಬಂದದ್ದು ಕುತ್ತಿಗೆಯಿಂದ.

ಬಾವಿಯಲ್ಲಿ ಹಗ್ಗ ಹಿಡಿದು ನೀರು ಸೇದುತ್ತಿದ್ದವರು ಚಂಪಾ ಆತ್ಯಾ. ನನ್ನ ಮಾವನ ತಂಗಿ. ಗಡಿಯ ಊರಾದ್ದರಿಂದ ನಾವು ಸೋದರತ್ತೆಗೆ ಮರಾಠಿಯವರಂತೆ ಆತ್ಯಾ ಎನ್ನುತ್ತೇವೆ. ಅವರನ್ನು ರಾಯಬಾಗ ಕಡೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಹನ್ನೊಂದು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ತಂದ. ಒಂದು ಟ್ರಂಕು ಹೊತ್ತು ತವರಿಗೆ ಬಂದವರು ಮೂವತ್ತು ವರ್ಷದಿಂದ ಇಲ್ಲೇ ಇದ್ದಾರೆ. ಕೊರಳಲ್ಲಿ ತಾಳಿ ಇದೆ, ಹಣೆಯಲ್ಲಿ ಕುಂಕುಮ ಇದೆ, ಗಂಡ ಮಾತ್ರ ಬೇರೆ ಮನೆಯಲ್ಲಿದ್ದಾನೆ. ತಾಳಿಯ ಮೇಲೆ, ಗಂಟಲ ಹತ್ತಿರ, ನಿಂಬೆಹಣ್ಣಿನಷ್ಟು ದಪ್ಪ ಒಂದು ಗಂಟು. ಯಾರಾದರೂ ಎದುರಿಗೆ ಬಂದರೆ ಅವರ ಕೈ ತಾನೇ ಸೆರಗನ್ನು ಅದರ ಮೇಲೆ ಎಳೆಯುತ್ತದೆ. ಈ ಮನೆಗೆ ಬಂದ ದಿನದಿಂದ ನಾನು ಆ ಗಂಟನ್ನು ನೋಡಿದ್ದೆ. ನೋಡಿದ್ದೆ, ಅಷ್ಟೇ.

"ಏನಂತವಾ?" ಎಂದರು ಆತ್ಯಾ.

"ಕುತ್ತಿಗ್ಯಾಗ ಏನೋ ದೋಷ ಐತಂತರಿ."

"ಕುತ್ತಿಗಿಗೂ ಕೂಸಿಗೂ ಏನವಾ ಸಂಬಂಧ?"

"ನನಗರ ಏನ್ ಗೊತ್ತರಿ."

"ಇರ್ಲಿ. ಮೊದಲ ನೀರ ಸೋಸು. ಕೊಡ ತುಂಬೇತಿ."

ಕಬ್ಬಿನ ಕಟಾವು ನಡೆದಿತ್ತು, ನಮ್ಮವರಿಗೆ ಹೊಲ ಬಿಟ್ಟು ಬರಲು ಆಗಲಿಲ್ಲ. ಆತ್ಯಾ ಜೊತೆಗೆ ಬಂದರು. ಬಸ್ಸಿನಲ್ಲಿ ಇಬ್ಬರಿಗೂ ಜಾಗ ಸಿಕ್ಕಿತು, ನನಗೆ ಕಿಟಕಿ. ಅಂಥವನ್ನೆಲ್ಲ ನಾನು ಆ ದಿನಗಳಲ್ಲಿ ಎಣಿಸಿ ಇಟ್ಟುಕೊಳ್ಳುತ್ತಿದ್ದೆ. ಭಗವಂತ ದೊಡ್ಡದನ್ನು ಕೊಡುವವರೆಗೆ ಸಣ್ಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮನುಷ್ಯ ಬದುಕುವುದು ಕಷ್ಟ.

ಆ ದವಾಖಾನೆಯ ಬಾಕುಗಳ, ಅಂದರೆ ಬೆಂಚುಗಳ ಮೇಲೆ ಕೂತವರಿಗೆ ಒಂದೇ ಪ್ರಶ್ನೆ. ಹೆಸರಲ್ಲ, ಊರಲ್ಲ. ಪಕ್ಕದ ಹೆಣ್ಣುಮಗಳು ನನ್ನ ಕಡೆ ತಿರುಗಿ "ಕಿತಿ ವರ್ಷ?" ಎಂದಳು. ಎಷ್ಟು ವರ್ಷ ಎಂದರೆ ವಯಸ್ಸಲ್ಲ, ಕಾದದ್ದು ಎಷ್ಟು ವರ್ಷ ಎಂದು. "ಸಹಾ" ಎಂದೆ, ಆರು. "ಮಾಝೀ ನವ್" ಎಂದಳು, ತನ್ನದು ಒಂಬತ್ತು. ಹಾಗೆಂದು, ನನಗಿಂತ ಹಿರಿಯಳಂತೆ, ಫ್ಯಾನಿನ ಕೆಳಗಿನ ಜಾಗ ನನಗೆ ಬಿಟ್ಟುಕೊಟ್ಟಳು. ಎದುರಿನ ಗೋಡೆಯ ತುಂಬ ಗುಂಡುಗುಂಡಾದ ಮಕ್ಕಳ ಚಿತ್ರ. ಅವನ್ನು ಅಲ್ಲಿ ಅಂಟಿಸಿದವರು ಯಾರೋ, ಆ ಬಾಕಿನ ಮೇಲೆ ಒಂದು ದಿನವೂ ಕೂತವರಲ್ಲ.

ಡಾಕ್ಟರ್ ಬಾಯಿ, ಎಂದರೆ ಡಾಕ್ಟರಮ್ಮ, ನನ್ನ ಕುತ್ತಿಗೆಗೆ ಎರಡು ಬೆರಳು ಇಟ್ಟು ಉಗುಳು ನುಂಗಲು ಹೇಳಿದರು. ಆಮೇಲೆ ಒಂದೊಂದೇ ಕೇಳಿದರು.

"ಚಳಿ ಆಗತೈತಿ?"

"ಬ್ಯಾಸಗ್ಯಾಗೂ ಸ್ವೆಟರ್ ಬೇಕರಿ."

"ಕೂದಲ?"

"ಬಾಚಣಿಗಿ ನೋಡಿದ್ರ ಅಳು ಬರತೈತ್ರಿ."

"ನಿದ್ದಿ?"

"ರೊಟ್ಟಿ ಬಡಿಯೂವಾಗ ತೂಕಡಿಕಿ ಬರತೈತ್ರಿ."

"ಮನ್ಯಾಗ ಏನಂತಾರ?"

"ಮೈಗಳ್ಳಿ ಅಂತಾರ್ರಿ."

ಅವರು ಪೆನ್ನು ಕೆಳಗಿಟ್ಟರು. "ಮೈಗಳ್ಳತನ ನಿಂದಲ್ಲವಾ. ಈ ಗ್ರಂಥೀದು. ಅದು ಕೆಲಸ ಮಾಡವಲ್ದು. ಒಲಿ ಉರಿ ಸಣ್ಣಗಿದ್ರ ಬ್ಯಾಳಿ ಹೆಂಗ ಬೇಯಬೇಕು? ನಿನ್ನ ದಿನಗಳು ಏರುಪೇರು ಆಗೂದು, ಬಸಿರು ನಿಲ್ಲದಿರೂದು, ಎಲ್ಲಾದಕ್ಕೂ ಇದರ ಕೈ ಇರಬಹುದು. ಉರಿ ಸರಿ ಮಾಡೂಣು, ಆಮ್ಯಾಲ ನೋಡೂಣು."

ನನಗೆ ಅಳು ಬಂತು. ರೋಗ ಇದೆ ಎಂಬುದಕ್ಕಲ್ಲ. ಆರು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಮೈಗಳ್ಳಿ ಅಲ್ಲ ಎಂದದ್ದಕ್ಕೆ.

ನೂರು ಗುಳಿಗೆಯ ಬಾಟಲಿ ಬರೆದುಕೊಟ್ಟರು. "ಬೆಳಿಗ್ಗೆ ಎದ್ದಕೂಡಲೇ, ಖಾಲಿ ಹೊಟ್ಟಿಲೆ, ಬರೇ ನೀರಾಗ. ಒಂದ ತಾಸ ಚಾ ಇಲ್ಲ, ಹಾಲ ಇಲ್ಲ. ದಿನಾ ಒಂದು. ಒಂದ ದಿನಾನೂ ಬಿಡಂಗಿಲ್ಲ." ನಾನು ತಲೆಯಾಡಿಸಿದೆ. ಅವರು ಹೇಳಿದ್ದು ನನಗೆ ತಿಳಿಯಿತೆಂದು ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ.

ನಮ್ಮ ಮನೆಯ ಬೆಳಗು ಹೇಗೆಂದು ಹೇಳಬೇಕು. ಬಸದಿಗೆ ಹೋಗಿ ದರ್ಶನ ಮಾಡಿ, ಅಭಿಷೇಕ ನೋಡಿ, ಆ ಅಭಿಷೇಕದ ನೀರಾದ ಗಂಧೋದಕ ಕಣ್ಣಿಗೂ ನೆತ್ತಿಗೂ ಹಚ್ಚಿಕೊಂಡು ಬರುವವರೆಗೆ ಹೆಂಗಸರ ಬಾಯಿಗೆ ಹನಿ ನೀರೂ ಬೀಳುವುದಿಲ್ಲ. ತವರಿನಲ್ಲೂ ಹಾಗೆಯೇ ಬೆಳೆದವಳು ನಾನು, ಯಾರೂ ಹೇರಿದ್ದಲ್ಲ. ಬಸದಿಯಿಂದ ಬಂದ ಮೇಲೆ ಒಂದು ಲೋಟ ಬಿಸಿ ಹಾಲು. ಆ ಹಾಲಿನ ಜೊತೆಗೇ ಗುಳಿಗೆ ನುಂಗತೊಡಗಿದೆ. ಹೊಟ್ಟೆ ಅಲ್ಲಿಯವರೆಗೆ ಖಾಲಿಯೇ ಇತ್ತಲ್ಲ! ಡಾಕ್ಟರ್ ಮಾತು ನಡೆಸಿದೆ ಎಂದೇ ನನ್ನ ಸಮಾಧಾನ.

ಸುದ್ದಿ ಕೇಳಿದ ನಮ್ಮ ಅತ್ತೆ, "ಗುಳಿಗಿ ಗುಳಿಗಿ ಕಡೆ ಇರ್ಲಿ, ನೀ ನೋಂಪಿ ಹಿಡಿ" ಎಂದರು. ನೋಂಪಿ ಎಂದರೆ ನಮ್ಮ ವ್ರತ. ಬಸದಿಯ ಪಂಡಿತರ ಮುಂದೆ ಕೂರಿಸಿ ನೇಮ ಕೊಡಿಸಿದರು: ಪದ್ಮಾವತಿ ಅಮ್ಮನವರ ಹೆಸರಲ್ಲಿ ಪ್ರತಿ ಶುಕ್ರವಾರ, ಅದರ ಮೇಲೆ ಅಷ್ಟಮಿ, ಚತುರ್ದಶಿ. ಪೂರ್ತಿ ಉಪವಾಸ. ಮಧ್ಯಾಹ್ನ ಒಂದು ಸಲ ಕಾಸಿ ಆರಿಸಿದ ನೀರು, ಮತ್ತೇನೂ ಬಾಯಿಗೆ ಹೋಗಬಾರದು. ಕೂಸು ಆಗುವವರೆಗೆ. ಅತ್ತೆ ಕೆಟ್ಟವರಲ್ಲ. ಚಂಪಾ ಆತ್ಯಾರ ಟ್ರಂಕು ಈ ಮನೆಗೆ ಬಂದಾಗ ಬಾಗಿಲು ತೆರೆದವರು ಅವರೇ. "ಈಕೀಗಿ ಆದಂಗ ನಿನಗ ಆಗಬಾರದವಾ" ಎಂದು ನೇಮ ಕೊಡಿಸುವಾಗ ಅವರ ಕಣ್ಣಲ್ಲೂ ನೀರಿತ್ತು. ಮತ್ತೇನೂ ಬಾಯಿಗೆ ಹೋಗಬಾರದು ಎಂದರೆ ಗುಳಿಗೆಯೂ ಹೋಗಬಾರದು ಎಂದೇ ನಾನು ತಿಳಿದೆ. ತಿಂಗಳಿಗೆ ಎಂಟು ಒಂಬತ್ತು ದಿನ ಬಾಟಲಿ ಮುಟ್ಟಲಿಲ್ಲ.

ಮೇ ತಿಂಗಳಲ್ಲಿ ನಾದಿನಿಯ ಕುಬಸ ನಮ್ಮ ಮನೆಯಲ್ಲೇ ಆಯಿತು. ಬಸುರಿಗೆ ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ, ಮುತ್ತೈದೆಯರು ಉಡಿ ತುಂಬುವ ಹೊತ್ತಿಗೆ ಅತ್ತೆ ಮೆಲ್ಲಗೆ ಬಂದು "ನೀ ಒಳಗ ಹೋಳಗಿ ನೋಡ್ಕೋವಾ" ಎಂದರು. ಹೋಳಿಗೆ ನೋಡಿಕೊಳ್ಳಲು ಆತ್ಯಾ ಆಗಲೇ ಒಳಗಿದ್ದರು. ಅವರಿಗೆ ಯಾರೂ ಹೇಳಬೇಕಿರಲಿಲ್ಲ, ಮೂವತ್ತು ವರ್ಷದ ರೂಢಿ. ಹೊರಗಿನಿಂದ ಮಾವನ ಕಡೆಯ ಒಬ್ಬ ಹಿರಿಯಮ್ಮನ ದನಿ ಕೇಳಿಸಿತು, ಅವರನ್ನು ಊರೆಲ್ಲ ದೊಡ್ಡವ್ವ ಎನ್ನುತ್ತದೆ. "ಮಕ್ಕಳೊಂದಿಗರು ಮುಂದ ಬರ್ರಿ!" ಸ್ವಲ್ಪ ಹೊತ್ತಿಗೆ ಅದೇ ದನಿ, ಈಗ ಸಣ್ಣಗೆ, ಅತ್ತೆಯ ಜೊತೆ: "ಕಾಗವಾಡ ಕಡೆ ಒಂದ ಹುಡುಗಿ ಐತಿ ನೋಡ. ಬಡವರು. ಎರಡನೇ ಸಂಬಂಧ ಆದ್ರೂ ಕೊಡ್ತಾರ."

ಹಂಚಿನ ಮೇಲೆ ಹೋಳಿಗೆ ಕರಿಯಾಯಿತು. ಆತ್ಯಾ ಅದನ್ನು ತೆಗೆದು ಬದಿಗಿಟ್ಟು ಹೇಳಿದರು: "ನನಗೂ ಹಿಂಗ ಒಂದ ಕುಬಸದಾಗನ ಕೇಳಿಸಿತ್ತು."

"ಏನ್ ಕೇಳಿಸಿತ್ರಿ?"

"ಹುಡುಗಿ ಐತಿ ಅಂತ."

ಸಂಜೆ ದೊಡ್ಡವ್ವ ಆ ಮಾತನ್ನು ನಮ್ಮವರ ಕಿವಿಗೂ ಹಾಕಿದರು. ನಮ್ಮವರು ನಗೆಗಾರರು. "ದೊಡ್ಡವ್ವಾ, ಒಬ್ಬಾಕಿ ಕಡೆ ಬೈಸ್ಕೊಳ್ಳಾಕನ ದಿನಾ ಸಾಲವಲ್ದು, ಎರಡನೇದಾಕಿ ಯಾವಾಗ ಬೈಬೇಕ?" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಗೆ ಬಾಗಿಲಿಗೆ ಚಿಲಕವಲ್ಲ. ಎಲ್ಲ ಹೋದ ಮೇಲೆ ಅದನ್ನೇ ಅವರಿಗೆ ಹೇಳಿದೆ: "ನಗಿಸಬ್ಯಾಡ್ರಿ. ಇಲ್ಲ ಅನ್ರಿ." ಮರುದಿನ ಬೆಳಿಗ್ಗೆ ಅವರು ದೊಡ್ಡವ್ವನ ಮನೆಗೆ ಹೋಗಿ "ಇಲ್ಲ" ಎಂದು ಬಂದರು. ಡಾಕ್ಟರ್ ಬಾಯಿ ಹೇಳಿದ್ದ ಅವರ ತಪಾಸಣೆಯನ್ನೂ ಅದೇ ವಾರ ಮಾಡಿಸಿಕೊಂಡರು. "ಊರಾಗ ಹೇಳಬ್ಯಾಡೋ" ಎಂದು ಅತ್ತೆ ಬೇಡಿಕೊಂಡರೆ, ಚಾದಂಗಡಿಯಲ್ಲಿ ನಾಲ್ಕು ಜನರ ಮುಂದೆ ತಾವೇ ಹೇಳಿದರು. ನನ್ನೊಬ್ಬಳ ಮೇಲೇ ಬೀಳುತ್ತಿದ್ದ ಕಣ್ಣು ಅವತ್ತು ಇಬ್ಬರ ಮೇಲೆ ಹಂಚಿಹೋಯಿತು. ಅದನ್ನೂ ನಾನು ಎಣಿಸಿ ಇಟ್ಟುಕೊಂಡಿದ್ದೇನೆ.

ಗುಳಿಗೆ ಶುರುವಾಗಿ ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟೆ. ರಿಪೋರ್ಟು ಇದ್ದಲ್ಲೇ ಇತ್ತು. ಡಾಕ್ಟರ್ ಬಾಯಿ ಅದನ್ನು ನೋಡಿ ನನ್ನನ್ನು ನೋಡಿದರು.

"ಬಾಟಲಿ ತಂದೀಯೇನ?"

ತಂದಿದ್ದೆ. ಅವರು ಮುಚ್ಚಳ ತೆಗೆದು, ಇದ್ದ ಗುಳಿಗೆಗಳನ್ನೆಲ್ಲ ಚೀಟಿ ಬರೆಯುವ ಕಾಗದದ ಮೇಲೆ ಸುರಿದು, ಪೆನ್ನಿನ ತುದಿಯಿಂದ ಎಣಿಸತೊಡಗಿದರು. ಶಾಲೆಯಲ್ಲಿ ಲೆಕ್ಕ ತಪ್ಪಿದವಳಂತೆ ನಾನು ನಿಂತಿದ್ದೆ.

"ತೊಂಬತ್ತ ದಿನ ಆಗ್ಯಾವ. ಹತ್ತ ಉಳೀಬೇಕಿತ್ತು. ಮೂವತ್ತೇಳ ಉಳದಾವ. ಯಾಕ?"

ಹೇಳಿದೆ. ಬಸದಿ, ಹಾಲು, ಶುಕ್ರವಾರ, ಅಷ್ಟಮಿ, ಚತುರ್ದಶಿ. ಹೇಳುತ್ತ ಹೇಳುತ್ತ ನನಗೇ ಕೇಳಿಸತೊಡಗಿತು. ಕೂಸಿಗಾಗಿ ಹಿಡಿದ ನೋಂಪಿ ಕೂಸಿನ ದಾರಿಯಲ್ಲೇ ಅಡ್ಡ ಕೂತಿತ್ತು. ಎಷ್ಟು ಭಕ್ತಿಯಿಂದ ಉಪವಾಸ ಮಾಡಿದ್ದೆನೋ ಅಷ್ಟು ಗುಳಿಗೆ ಆ ಕಾಗದದ ಮೇಲೆ ಬಿದ್ದಿದ್ದವು.

"ದೇವರ ಮುಂದ ಹೋಗೂ ಮೊದಲ ಒಂದ ಗುಳಿಗಿ ನುಂಗಿದ್ರ ನಿಮ್ಮ ದೇವರ ಸಿಟ್ಟಾಗತಾನೇನ?" ಎಂದರು ಬಾಯಿ, ಬೇಸರದಿಂದ.

ನನಗೆ ಆ ಮಾತು ಚುಚ್ಚಿತು. "ನಮ್ಮ ದೇವರು ಸಿಟ್ಟಾಗೂದಿಲ್ರಿ. ಅವ ವೀತರಾಗಿ, ಸಿಟ್ಟು ಪ್ರೀತಿ ಎರಡೂ ಬಿಟ್ಟಾಂವ. ಸಿಟ್ಟಾಗೋರು ನಮ್ಮ ಅತ್ತಿ."

ಅವರು ಜೋರಾಗಿ ನಕ್ಕರು. ನನಗೂ ನಗು ಬಂತು. ನಗುತ್ತ ಅವರ ಕಣ್ಣು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಆತ್ಯಾರ ಮೇಲೆ ಹೋಯಿತು. ನಗುವ ಭರದಲ್ಲಿ ಆತ್ಯಾರ ಸೆರಗು ಜಾರಿತ್ತು.

"ಅಮ್ಮಾ, ನೀವು ಈ ಕಡೆ ಬರ್ರಿ. ಕುತ್ತಿಗಿ ತೋರಿಸ್ರಿ."

"ನನಗೇನ ಆಗಿಲ್ರಿ ಬಾಯಿ. ನಾ ಈಕಿ ಜೋಡಿ ಬಂದಾಕಿ."

"ಎಷ್ಟ ವರ್ಷದಿಂದ ಐತ್ರಿ ಇದು?"

"ಲಗ್ನಾಗಿ ಎರಡನೇ ವರ್ಷಕ್ಕ ಬಂತ್ರಿ. ಏನ ಮಾಡೂದಿಲ್ರಿ ಅದು, ಸುಮ್ಮ ಇರತೈತಿ."

ಅವತ್ತು ಆತ್ಯಾರ ರಕ್ತವನ್ನೂ ತೆಗೆದರು. ಲ್ಯಾಬಿನ ಹುಡುಗಿಗೆ ಒಂದೇ ಸಲಕ್ಕೆ ನರ ಸಿಕ್ಕಿತು, ಪುಣ್ಯಕ್ಕೆ.

ಮರುದಿನ ಎದ್ದವಳೇ ಮುಖ ತೊಳೆದು, ಣಮೋಕಾರ ಮಂತ್ರ ಒಂಬತ್ತು ಸಲ ಹೇಳಿ, ಕಾಸಿ ಆರಿಸಿದ ನೀರಿನಲ್ಲಿ ಗುಳಿಗೆ ನುಂಗಿದೆ. ಅವತ್ತು ಶುಕ್ರವಾರ. ಯಾರನ್ನೂ ಕೇಳಿ ನುಂಗಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಆಮೇಲೆ ಬೇಡ ಎಂದದ್ದನ್ನು ಮುರಿಯುವುದು ಇನ್ನೂ ದೊಡ್ಡ ಪಾಪವಾಗುತ್ತಿತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಬಾಯಾಗ ಏನ ಹಾಕ್ಕೊಂಡಿ?"

"ಗುಳಿಗಿರಿ."

"ಶುಕ್ರವಾರ ಐತಿ. ಬಸದೀಗೂ ಹೋಗಿಲ್ಲ. ನೇಮ ಮುರದಿ?"

"ಉಪವಾಸ ಮಾಡ್ತೀನ್ರಿ ಅತ್ತಿ. ಅನ್ನ ಬಿಡ್ತೀನಿ, ಹಾಲ ಬಿಡ್ತೀನಿ. ಗುಳಿಗಿ ಬಿಡೂದಿಲ್ಲ."

"ಇದು ಹಿಂದಿನ ಜನ್ಮದ ಕರ್ಮವಾ. ಗುಳಿಗೀಲೆ ಕರಗತೈತೇನ?"

"ಕರ್ಮ ಬಂದು ಕುತ್ತಿಗ್ಯಾಗ ಕುಂತಿದ್ರ, ಔಷಧ ಸಿಕ್ಕಿದ್ದೂ ನನ್ನ ಪುಣ್ಯಾನ ಅಲ್ರಿ?"

ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಆದರೂ ಹಿಂದೆ ಸರಿಯಲಿಲ್ಲ.

ಎರಡು ವಾರ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಆಮೇಲೆ, ಅಂಕಲಿ ಹತ್ತಿರದ ಒಂದು ಊರಿನಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮಾತಾಜಿಯವರ ಬಳಿ ನನ್ನನ್ನು ಕರೆದುಕೊಂಡು ಹೋದರು. ಮಾತಾಜಿ ಎಂದರೆ ಮನೆಮಾರು ಬಿಟ್ಟ ನಮ್ಮ ಸಾಧ್ವಿ. ದಿನಕ್ಕೆ ಒಂದೇ ಸಲ ಆಹಾರ, ಮೈಮೇಲೆ ಒಂದೇ ಬಿಳಿ ಸೀರೆ. ಹೊಳೆ ತುಂಬಿ ಸೇತುವೆ ಮುಳುಗಿತ್ತು, ಸುತ್ತು ಹಾಕಿ ಹೋಗಬೇಕಾಯಿತು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ, ನಾನು ಈ ಕಡೆ.

ಅತ್ತೆ ದೂರು ಹೇಳಿದರು. ಮಾತಾಜಿ ಪೂರ್ತಿ ಕೇಳಿ ನನ್ನತ್ತ ತಿರುಗಿದರು.

"ನೇಮ ತಗೊಳ್ಳುವಾಗ 'ಔಷಧ ಬಿಟ್ಟು ಉಳಿದದ್ದಕ್ಕ' ಅಂತ ಹೇಳಿ ತಗೊಂಡಿದ್ದಿಲ್ಲೇನವಾ?"

"ಹಂಗ ತಗೋಬಹುದು ಅಂತನ ಗೊತ್ತಿರಲಿಲ್ರಿ ಮಾತಾಜಿ."

ಮಾತಾಜಿ ಅತ್ತೆಯನ್ನು ಕೇಳಿದರು: "ನೀನೂ ಅಷ್ಟಮಿ, ಚತುರ್ದಶಿ ಮಾಡ್ತಿ. ನಿನಗ ಬಿ.ಪಿ. ಐತಿ ಅಂದಿದ್ದಿ. ಆ ಗುಳಿಗಿ ಏನ ಮಾಡ್ತಿ?"

ಅತ್ತೆ ತಡವರಿಸಿದರು. "ಅದು... ಅದನ್ನ ಬಿಟ್ಟ ನೇಮ ತಗೊಂಡೀನ್ರಿ."

"ಮತ್ತ ಈಕೀಗಿ ಯಾಕ ಹೇಳಿಕೊಡಲಿಲ್ಲ?"

"ನಂದು ಬ್ಯಾನಿರಿ ಮಾತಾಜಿ. ಈಕಿ ಗಟ್ಟಿಮುಟ್ಟ ಅದಾಳಲ್ರಿ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ತಮ್ಮ ಮಾತನ್ನು ತಾವೇ ಕೇಳಿಸಿಕೊಂಡರು ಅನಿಸುತ್ತದೆ. ಹಾಸಿಗೆ ಹಿಡಿಸದ ಬೇನೆ ಬೇನೆಯಲ್ಲ, ಅದೂ ಸೊಸೆಯದಾದರೆ. ಅವರೊಬ್ಬರ ತಪ್ಪಲ್ಲ ಅದು. ನಾನೂ ಹಾಗೆಯೇ ತಿಳಿದಿದ್ದೆ. ಅತ್ತೆಯ ಗುಳಿಗೆ ಮರೆತರೆ ನಾನೇ ನೆನಪಿಸುತ್ತಿದ್ದೆ, ಉಪವಾಸದ ದಿನವೂ. ನನ್ನದು ಗುಳಿಗೆ ಎಂದೇ ನನಗೆ ಅನಿಸಿರಲಿಲ್ಲ.

"ಶಕ್ತಿ ಇದ್ದಷ್ಟ ತಪ" ಎಂದರು ಮಾತಾಜಿ. "ಶಕ್ತಿ ಮೀರಿ ಮಾಡಿದ್ದಕ್ಕ ತಪ ಅನ್ನೂದಿಲ್ಲ, ಹಟ ಅಂತಾರ. ಇನ್ನ ಮ್ಯಾಲ ಔಷಧ ಬಿಟ್ಟು ನೇಮ."

ಅಷ್ಟಕ್ಕೆ ಕೈ ಮುಗಿದು ಎದ್ದುಬರಬಹುದಿತ್ತು. ಆದರೆ ನನ್ನ ಬಾಯಿ ಅವತ್ತು ಸುಮ್ಮನಿರಲಿಲ್ಲ. "ಮಾತಾಜಿ, ನಂದು ಸಡಿಲ ಮಾಡಿದ್ರಿ. ನಮ್ಮ ಅತ್ತಿಗೂ ಒಂದ ನೇಮ ಕೊಡ್ರಿ. ಒಂದ ವರ್ಷ ಮಕ್ಕಳ ಮಾತು ಆಡಬಾರದು. ನನಗೂ, ಮಂದೀಗೂ."

ಸುತ್ತ ಕೂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮಾತಾಜಿ ನಕ್ಕರು. "ಅನ್ನ ಬಿಡೂದಕ್ಕಿಂತ ಇದು ದೊಡ್ಡ ಉಪವಾಸ. ಆಗತೈತೇನವಾ ನಿನಗ?" ಅತ್ತೆ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಆಮೇಲೆ ಕೈ ಜೋಡಿಸಿ ನೇಮ ತೆಗೆದುಕೊಂಡರು. ಮಾತಾಜಿಯವರ ಮುಂದೆ ಇಲ್ಲ ಎನ್ನುವವರಲ್ಲ ಅವರು.

ಮತ್ತು ಅದನ್ನು ನಡೆಸಿದರು! ಮದುವೆ ಮನೆಗಳಲ್ಲಿ ಯಾರಾದರೂ "ಸೊಸೀಗಿ ಏನರ ವಿಶೇಷ?" ಎಂದರೆ ಅತ್ತೆ ತುಟಿಯ ಮೇಲೆ ಬೆರಳಿಟ್ಟು "ನೇಮ ಐತ್ರಿ" ಎನ್ನುತ್ತಿದ್ದರು. ಆ ಒಂದು ವರ್ಷದ ಶಾಂತಿ ನನಗೆ ಯಾವ ಔಷಧಕ್ಕೂ ಕಡಿಮೆಯಲ್ಲ.

ಊರಿಗೆ ಬಂದ ಮೂರನೇ ದಿನ ಆತ್ಯಾರ ರಿಪೋರ್ಟು ಕೇಳಲು ಮತ್ತೆ ನಿಪ್ಪಾಣಿಗೆ ಹೋದೆವು. ಅವರದ್ದು ನನ್ನ ಬೇನೆಯೇ, ನನಗಿಂತ ಹಳೆಯದು. ಆತ್ಯಾ ತಲೆ ಬಗ್ಗಿಸಿ ಕೂತು ಒಂದೇ ಪ್ರಶ್ನೆ ಕೇಳಿದರು.

"ಬಾಯಿ, ನನಗ ಮಕ್ಕಳಾಗದ್ದೂ ಇದಕ್ಕನ ಏನ್ರಿ?"

ಡಾಕ್ಟರ್ ಬಾಯಿ ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ. "ಇದಕ್ಕನ ಅಂತ ಈಗ ಯಾರೂ ಖಾತ್ರಿ ಹೇಳಾಕ ಬರೂದಿಲ್ರಿ ಅಮ್ಮಾ. ಇದ್ದಿರಬಹುದು. ಆವಾಗ ಯಾರರ ಒಬ್ಬರು ನೋಡಬೇಕಿತ್ತು."

ಬಸ್‌ ಸ್ಟ್ಯಾಂಡಿನಲ್ಲಿ ಆತ್ಯಾ ಗುಳಿಗೆಯ ಬಾಟಲಿಯನ್ನು ಚೀಲದಿಂದ ತೆಗೆದು, ತಿರುಗಿಸಿ ತಿರುಗಿಸಿ ನೋಡಿದರು. ಅವರಿಗೆ ಓದು ಬರುವುದಿಲ್ಲ.

"ಪಾಪ ಅಂದ್ರು. ಶಾಪ ಅಂದ್ರು. ಬಂಜಿ ಅಂದ್ರು. ಮೂವತ್ತ ವರ್ಷ ನಾ ಎಲ್ಲಾ ಹೌದಂದೆ. ಇದಕ್ಕ ಗುಳಿಗಿ ಇತ್ತೇನ ಸುನೀತಾ?"

ಅವತ್ತು ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅವರಿಗೆ ಕೊಟ್ಟೆ. ನನ್ನಿಂದ ಆದದ್ದು ಅಷ್ಟು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಮೈ ನಿಧಾನಕ್ಕೆ ನನ್ನದಾಯಿತು. ಸ್ವೆಟರ್ ಟ್ರಂಕಿಗೆ ಹೋಯಿತು. ರೊಟ್ಟಿ ಬಡಿಯುವಾಗ ತೂಕಡಿಕೆ ನಿಂತಿತು. ಎರಡು ಸಲ ಗುಳಿಗೆಯ ಅಳತೆ ಬದಲಿಸಿದರು. ಬೇಸಿಗೆ ಬರುವ ಹೊತ್ತಿಗೆ ದಿನ ನಿಂತಿತು. ಮೂರನೇ ತಿಂಗಳು ದಾಟುವವರೆಗೆ ನಾನು ಉಸಿರನ್ನೂ ಲೆಕ್ಕ ಹಾಕಿ ಬಿಟ್ಟೆ. ಅತ್ತೆಗೆ ಗೊತ್ತಾಗಿತ್ತು, ಆದರೆ ವರ್ಷ ತುಂಬಿರಲಿಲ್ಲ, ನೇಮ ಇತ್ತು. ಬಾಯಿ ಬಿಡುವಂತಿಲ್ಲ! ಒಂದು ಬೆಳಿಗ್ಗೆ ಕಣ್ಣು ಬಿಟ್ಟರೆ ತಲೆದಿಂಬಿನ ಬಳಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ಕಾಸಿ ಆರಿಸಿದ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ನನ್ನ ಗುಳಿಗೆ. ಒಂದು ಮಾತೂ ಆಡಲಿಲ್ಲ. ನಾನು ನುಂಗಿದ ಮೇಲೆ ಲೋಟ ತೆಗೆದುಕೊಂಡು ಹೋದರು. ಹೆರಿಗೆಯವರೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಮಗಳಿಗೆ ಈಗ ಒಂದೂವರೆ ವರ್ಷ. ಹುಟ್ಟಿದ ಐದನೇ ದಿನ ಅವಳ ಹಿಮ್ಮಡಿಗೆ ಸೂಜಿ ಚುಚ್ಚಿ ಇದೇ ಪರೀಕ್ಷೆ ಮಾಡಿದರು, ಎಲ್ಲ ಸರಿ ಇತ್ತು. ನನ್ನ ಗುಳಿಗೆ ಇನ್ನೂ ಇದೆ, ಇರುತ್ತದೆ. ಆದರೆ ನಾನು ಇದನ್ನು ಬರೆಯಲು ಕೂತದ್ದು ಕೂಸು ಆಯಿತು ಎಂದು ಹೇಳಲು ಅಲ್ಲ. ನನ್ನಂತೆಯೇ ಗುಳಿಗೆ ನುಂಗಿಯೂ ಆಗದವರು ಆ ಬಾಕಿನ ಮೇಲೆ ಇನ್ನೂ ಕೂತಿದ್ದಾರೆ. ಒಂಬತ್ತು ವರ್ಷ ಕಾದಿದ್ದ ಆ ಗೆಳತಿ ಏನಾದಳೋ ಗೊತ್ತಿಲ್ಲ. ನಾನು ಹೇಳಬೇಕಾದದ್ದು ನನ್ನ ಕುಬಸದ ದಿನದ ಮಾತು.

ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದೆ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಖಣ. ದೊಡ್ಡವ್ವ ಎಂದಿನಂತೆ ಕೂಗಿದರು: "ಮಕ್ಕಳೊಂದಿಗರು ಮುಂದ ಬರ್ರಿ!"

"ನಿಂದರ್ರಿ" ಎಂದೆ.

ಎಲ್ಲ ನಿಂತರು.

"ಮೊದಲ ಆತ್ಯಾ ಬರಬೇಕ್ರಿ. ಆತ್ಯಾ ಹಾಕದ ಉಡಿ ನಾ ತುಂಬಿಸ್ಕೊಳ್ಳೂದಿಲ್ಲ."

"ಏನ್ ಮಾತವಾ ಇದು!" ದೊಡ್ಡವ್ವ ಗಲ್ಲಕ್ಕೆ ಕೈ ಹಚ್ಚಿದರು. "ಬಸುರಿ ಉಡಿಗಿ ಬರಿ ಉಡಿಯಾಕಿ ಕೈ ಹಚ್ಚತಾರೇನ? ಆಗಬಾರದ್ದ ಆದ್ರ?"

"ಆಕಿ ನನ್ನ ಜೋಡಿ ದವಾಖಾನಿಗಿ ಬಂದಾಗ ಏನೂ ಆಗಲಿಲ್ರಿ, ಕೂಸ ನಿಂತೈತಿ. ನನಗ ಇದ್ದ ಬ್ಯಾನೀನ ಆಕೀಗಿ ಇತ್ತು. ನನಗ ಗುಳಿಗಿ ಕೊಟ್ರು, ಆಕೀಗಿ ಹೆಸರಿಟ್ರಿ. ಅಷ್ಟ ಫರಕ್ರಿ ದೊಡ್ಡವ್ವಾ."

ಉಡಿ ಬರಿದಾಗಿದ್ದಾಗ ನಾನು ಈ ಮಾತು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವತ್ತು ಉಡಿ ನನ್ನದಿತ್ತು. ಅದಕ್ಕೇ ಹೇಳಿದೆ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಕಡೆಗೆ ಅತ್ತೆ ಎದ್ದರು. ಅವರ ನೇಮದ ವರ್ಷ ಮುಗಿದು ವಾರವಾಗಿತ್ತು. ಆ ಹೆಂಗಸರ ಮುಂದೆ ಅವರು ಏನು ಬೇಕಾದರೂ ಅನ್ನಬಹುದಿತ್ತು. ಅಡಿಗೆಮನೆಯ ಬಾಗಿಲಿಗೆ ಹೋಗಿ ಒಳಗೆ ನೋಡಿ ಹೇಳಿದರು: "ಚಂಪಾ, ಹೋಳಗಿ ಬಿಡು. ಕೈ ತೊಳಕೊಂಡ ಬಾ. ಎಲ್ಲಾರೂ ಕಾಯಾಕತ್ತಾರ."

ಆತ್ಯಾ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಗಂಟಲು ಬಯಲಾಗಿತ್ತು. ಅದನ್ನು ಮುಚ್ಚುವುದು ಅವರಿಗೆ ನೆನಪಾಗಲಿಲ್ಲ. ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು ನನ್ನ ಮುಂದೆ ಬಗ್ಗಿ, ಹಾಗೆಯೇ ನಿಂತರು.

"ಯಾಕ್ರಿ ಆತ್ಯಾ?"

"ಯಾರಿಗೂ ಹಾಕಿಲ್ಲವಾ ನಾ. ಎಷ್ಟ ಹಾಕಬೇಕು?" ಎಂದರು ಮೆಲ್ಲಗೆ.

"ಐದ ಬೊಗಸಿರಿ."

ಒಂದೊಂದು ಬೊಗಸೆಗೂ ನಾನೇ ಲೆಕ್ಕ ಹೇಳಿದೆ. ಅರ್ಧ ಅಕ್ಕಿ ನೆಲಕ್ಕೆ ಬಿತ್ತು. ಐದು ಆದ ಮೇಲೂ ಅವರು ಆರನೆಯದನ್ನು ತುಂಬಿಕೊಂಡರು, ಯಾರೂ ತಡೆಯಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಬಂದವರೆಲ್ಲ ಹೋದರು. ಅಷ್ಟು ಜನಕ್ಕೆ ನೀರು ಬಡಿಸಿ ಹಂಡೆ ತಳ ಕಂಡಿತ್ತು. ಅತ್ತೆ "ಕುಂದರವಾ ನೀ" ಎಂದರು. ಕೂರಲಿಲ್ಲ. ಹಿತ್ತಲಲ್ಲಿ ಬಾವಿಯ ಗಾಲಿಯ ಸದ್ದಾಗುತ್ತಿತ್ತು, ಆತ್ಯಾ ಆಗಲೇ ಹಗ್ಗ ಹಿಡಿದಿದ್ದರು.

"ಕೊಡ ತುಂಬೇತಿ. ಸೋಸತೀಯೇನ?"

ಹಸಿರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ಹಂಡೆಯ ಬಾಯಿಗೆ ಕಟ್ಟಿದೆ.